ಸೋಂಪು ತರಲು ಹೋದ ಹೊತ್ತು

ಟಿಪ್ಸ್ ಕೊಡುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು ಎಂದು ಬರೆದವನು ನಾನೇ. ಬೇಗಂಪೇಟೆಯಲ್ಲಿದ್ದ ನಮ್ಮ ಸಾಫ್ಟ್‌ವೇರ್ ಕಂಪನಿಯಿಂದ ಅಮೆರಿಕಕ್ಕೆ ಹೋಗುವ ಇಂಜಿನಿಯರುಗಳಿಗೆ ಟಿಕೆಟ್ಟು, ವೀಸಾ ಕಾಗದ, ಡಾಲರುಗಳ ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕು ಪುಟದ ಸೂಚನೆ ಪತ್ರವನ್ನೂ ಕೊಡುತ್ತಿದ್ದೆವು. ಅದನ್ನು ತಯಾರಿಸುವುದು ಪ್ರಯಾಣ ವಿಭಾಗದ ಕೆಲಸ. ಪ್ರಯಾಣ ವಿಭಾಗ ಎಂದರೆ ಒಂದು ಮೇಜು, ಒಂದು ಫ್ಯಾಕ್ಸ್ ಯಂತ್ರ ಮತ್ತು ನಾನು. ಚಳಿಗೆ ಎಂಥ ಕೋಟು ಬೇಕು, ಪ್ಲಗ್ಗಿಗೆ ಯಾವ ಪಿನ್ನು ಬೇಕು, ಉಪ್ಪಿನಕಾಯಿಯನ್ನು ಹೇಗೆ ಕಟ್ಟಬೇಕು ಎಂಬುದೆಲ್ಲ ಅದರಲ್ಲಿ ವಿವರವಾಗಿ ಇತ್ತು. ಟಿಪ್ಸ್ ಬಗ್ಗೆ ಮಾತ್ರ ಒಂದೇ ಸಾಲು. ಅದನ್ನು ಯಾವುದೋ ವಿಮಾನ ಕಂಪನಿಯ ಪುಸ್ತಿಕೆ ನೋಡಿ ಬರೆದಿದ್ದೆ. ನಾನು ವಿಮಾನದಲ್ಲಿ ಕೂತವನೇ ಅಲ್ಲ.

ಎರಡು ಸಾವಿರನೇ ಇಸವಿಯ ನವೆಂಬರಿನಲ್ಲಿ ಆ ಸಾಲು ನನ್ನ ಕುತ್ತಿಗೆಗೆ ಬಂತು. ನಮ್ಮ ಆರು ಜನ ಹುಡುಗರು ಅಮೆರಿಕದ ಕೊಲಂಬಸ್ ಎಂಬ ಊರಿನ ಒಂದು ವಿಮಾ ಕಂಪನಿಯಲ್ಲಿ ಕೆಲಸಕ್ಕೆ ಹೋಗಿದ್ದರು. ಪಕ್ಕದಲ್ಲೇ ಇದ್ದ ಸಣ್ಣ ಹೋಟೆಲಿನಲ್ಲಿ ಎರಡು ತಿಂಗಳು ದಿನಾ ಮಧ್ಯಾಹ್ನ ಊಟ ಮಾಡಿದ್ದರು. ಬಡಿಸುತ್ತಿದ್ದ ಹೆಂಗಸಿಗೆ ಒಂದು ದಿನವೂ ಏನೂ ಇಟ್ಟಿರಲಿಲ್ಲ. ಒಂದು ಡಾಲರ್ ಎಂದರೆ ನಲವತ್ತಾರು ರೂಪಾಯಿ ಎಂದು ತಲೆಯಲ್ಲೇ ಗುಣಿಸಿ, ಹೇಗೂ ಇಷ್ಟಕ್ಕೆ ಬಿಟ್ಟದ್ದು ಎಂದು ಸುಮ್ಮನಾಗಿದ್ದರು. ಹೋಟೆಲಿನವರು ವಿಮಾ ಕಂಪನಿಯ ಮ್ಯಾನೇಜರಿಗೆ ಹೇಳಿದರು, ಅವರು ನಮ್ಮವರಿಗೆ ಬರೆದರು. ಆ ಮೇಲ್ ಕೊನೆಗೆ ನಮ್ಮ ಆಡಳಿತಾಧಿಕಾರಿ ರಾಮಕೃಷ್ಣ ಅವರ ಮೇಜಿಗೆ ಬಂದು ಮುಟ್ಟಿತು. ಅದರ ಕೆಳಗೆ ಹುಡುಗರಲ್ಲೊಬ್ಬ ನನ್ನ ಸಾಲನ್ನು ಇದ್ದ ಹಾಗೆಯೇ ಅಂಟಿಸಿದ್ದ.

ರಾಮಕೃಷ್ಣ ಅವರು ಹಿಂದೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇದ್ದವರು. ಬೈಯುತ್ತಿರಲಿಲ್ಲ. ಕೂರಿಸಿ, ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ಮುಂದಿನ ವಾರ ಶನಿವಾರ ಎಂಟು ಜನರ ಇನ್ನೊಂದು ತಂಡ ಅದೇ ಕೊಲಂಬಸ್ಸಿಗೆ ಹೊರಡುತ್ತದೆ. ಅವರು ಊಟಕ್ಕೆ ಅದೇ ಹೋಟೆಲಿಗೇ ಹೋಗುವುದು. ಈ ಸಲ ದೂರು ಬಂದರೆ ಪ್ರಯಾಣದ ಕೆಲಸವನ್ನೆಲ್ಲ ಹೊರಗಿನ ಏಜೆನ್ಸಿಗೆ ವಹಿಸುವುದೆಂದು ಮೇಲಿನವರು ತೀರ್ಮಾನಿಸಿದ್ದಾರೆ. ನನ್ನ ಕೆಲಸ ಆಗ ಇನ್ನೂ ತಾತ್ಕಾಲಿಕ. ಮಾರ್ಚಿನಲ್ಲಿ ಖಾಯಂ ಆಗಬೇಕಿತ್ತು. ಏಜೆನ್ಸಿ ಬಂದರೆ ನನ್ನ ಮೇಜೂ ಇಲ್ಲ, ನಾನೂ ಇಲ್ಲ.

ಮೂರು ದಿನ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಕೋಷ್ಟಕ ಮಾಡಿದೆ. ಊಟಕ್ಕೆ ಬಿಲ್ಲಿನ ನೂರಕ್ಕೆ ಹದಿನೈದು, ಟ್ಯಾಕ್ಸಿಗೆ ಇಷ್ಟು, ಪೆಟ್ಟಿಗೆ ಹೊತ್ತವನಿಗೆ ಇಷ್ಟು. ಮೂರು ಪುಟ ಆಯಿತು. ಓದಿದರೆ ನನಗೇ ಹೆದರಿಕೆಯಾಗುತ್ತಿತ್ತು. ಎಷ್ಟು ಎನ್ನುವುದು ತಿಳಿಯುತ್ತಿತ್ತು, ಹೇಗೆ ಎನ್ನುವುದು ತಿಳಿಯುತ್ತಿರಲಿಲ್ಲ. ಕೈಗೆ ಕೊಡಬೇಕೋ, ಮೇಜಿನ ಮೇಲೆ ಬಿಡಬೇಕೋ, ಹೇಳಿ ಕೊಡಬೇಕೋ, ಹೇಳದೆ ಹೋಗಬೇಕೋ. ನಾನು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ಪುಸ್ತಕದಲ್ಲಿ ಇಲ್ಲದ್ದನ್ನು ಯಾರನ್ನಾದರೂ ಕೇಳಬೇಕಾಗಿ ಬಂದಾಗಲೆಲ್ಲ ನನ್ನ ಓದು ಅರ್ಧಂಬರ್ಧ ಎಂಬ ಅಳುಕು ಏಳುತ್ತದೆ. ಆದರೂ ಕೇಳಲೇಬೇಕಿತ್ತು. ಮೌನಪ್ಪನವರು ನೆನಪಾದರು.

ಮೌನಪ್ಪನವರು ಯಾದಗಿರಿ ಕಡೆಯವರು. ಕಾಚಿಗುಡದಲ್ಲಿ ನಮ್ಮ ವಠಾರದಲ್ಲೇ ಇದ್ದರು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಸೀರೆ ಅಂಗಡಿಯ ಮೇಲೆ ಇರುವ ಊಟದ ಹೋಟೆಲಿನಲ್ಲಿ ಮೂವತ್ತೊಂದು ವರ್ಷದಿಂದ ಬಡಿಸುತ್ತಿದ್ದರು. ಮೊದಲಂತಸ್ತಿನಲ್ಲಿ ಇದ್ದುದರಿಂದ ಅದನ್ನು ಎಲ್ಲರೂ ಮೇಲ್ಮಹಡಿ ಹೋಟೆಲೆಂದೇ ಕರೆಯುತ್ತಿದ್ದರು.

ಅವರ ಕೈಕೆಲಸವನ್ನು ನಾನು ಮೊದಲು ನೋಡಿದ್ದು ನಾಚಾರಂನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್ ಆಗಿದ್ದಾಗ. ಸಂಜೆ ಕಾಲೇಜಿಗೆ ಹೋಗುವ ಮುಂಚೆ ಮೇಲ್ಮಹಡಿ ಹೋಟೆಲಿನಲ್ಲಿ ಒಂದು ಪ್ಲೇಟು ಪೂರಿ ತಿಂದು ಓಡುತ್ತಿದ್ದೆ. ಜೇಬಿನಲ್ಲಿ ಪೂರಿಗಾಗುವಷ್ಟು, ಆಮೇಲೆ ಬಸ್ಸಿಗಾಗುವಷ್ಟು ಮಾತ್ರ ಇರುತ್ತಿತ್ತು. ಮೌನಪ್ಪನವರು ಬಿಲ್ಲನ್ನು ಸ್ಟೀಲಿನ ಸಣ್ಣ ತಟ್ಟೆಯಲ್ಲಿ ಇಟ್ಟು ತರುತ್ತಿದ್ದರು, ಗಲ್ಲಾಪೆಟ್ಟಿಗೆಗೆ ಹೋಗಿ ಚಿಲ್ಲರೆ ತಂದು ಅದೇ ತಟ್ಟೆಯಲ್ಲಿ ಇಡುತ್ತಿದ್ದರು. ಇಟ್ಟ ಕೂಡಲೇ ಬೆನ್ನು ತಿರುಗಿಸಿ, ಸೋಂಪು ತರುತ್ತೇನೆಂದು ಗೋಡೆಯ ಕಪಾಟಿನ ಕಡೆ ಹೋಗಿಬಿಡುತ್ತಿದ್ದರು. ಕಪಾಟು ನಾಲ್ಕೇ ಹೆಜ್ಜೆ. ಆದರೆ ಅಲ್ಲಿ ಡಬ್ಬಿ ತೆಗೆಯುವುದು, ಮುಚ್ಚಳ ಒರೆಸುವುದು, ಬಟ್ಟಲಿಗೆ ಸುರಿಯುವುದು ಇದಕ್ಕೆಲ್ಲ ಅವರು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಿರಾಕಿ ತಟ್ಟೆಯಲ್ಲಿ ಬಿಡುವುದನ್ನು ಬಿಡಬಹುದಿತ್ತು, ಎತ್ತಿಕೊಳ್ಳುವುದನ್ನು ಎತ್ತಿಕೊಳ್ಳಬಹುದಿತ್ತು. ಮೂರು ವರ್ಷ ನಾನು ಎಲ್ಲವನ್ನೂ ಎತ್ತಿಕೊಂಡಿದ್ದೇನೆ. ಮೂರು ವರ್ಷವೂ ಅವರು ತಿರುಗಿ ಬಂದು, ತಟ್ಟೆಯ ಕಡೆ ಕಣ್ಣು ಹಾಯಿಸದೆ, ನನ್ನ ಮುಂದೆ ಸೋಂಪು ಇಟ್ಟು, ಕಾಲೇಜಿಗೆ ತಡವಾಯಿತೇನೋ ಎಂದು ಕೇಳಿದ್ದಾರೆ.

ಸೋಮವಾರ ಬೆಳಿಗ್ಗೆ ವಠಾರದ ನಲ್ಲಿಯ ಹತ್ತಿರ ಅವರನ್ನು ಹಿಡಿದೆ. ಕೊಲಂಬಸ್ಸಿನ ವಿಷಯ ಹೇಳಿದೆ. ಅಲ್ಲಿ ಬಡಿಸುವವರಿಗೆ ಮಾಲೀಕ ಗಂಟೆಗೆ ಎರಡು ಡಾಲರಿನ ಮೇಲೆ ಸ್ವಲ್ಪ ಕೊಡುತ್ತಾನೆ, ಉಳಿದದ್ದು ಗಿರಾಕಿಗಳಿಂದಲೇ ಬರಬೇಕು ಎಂದು ಓದಿದ್ದನ್ನೂ ಹೇಳಿದೆ. ಅವರು ತುಂಬುತ್ತಿದ್ದ ಕೊಡವನ್ನು ಪಕ್ಕಕ್ಕೆ ಸರಿಸಿದರು.

"ಹಂಗಾದ್ರ ಅದು ಖುಷಿ ಅಲ್ರಿ, ಪಗಾರ," ಎಂದರು. ಟಿಪ್ಸಿಗೆ ಅವರು ಖುಷಿ ಎನ್ನುತ್ತಿದ್ದರು. "ನನಗ ತಟ್ಟಿ ಖಾಲಿ ಇದ್ರೂ ಒಂದನೇ ತಾರೀಖಿಗೆ ಮಾಲಕ ಕೊಡ್ತಾನ. ಆಕಿಗಿ ಯಾರು ಕೊಡ್ತಾರ? ನಿಮ್ಮ ಆರು ಮಂದಿ ಎರಡು ತಿಂಗಳ ಆಕಿ ಕಡೀಂದ ಬಿಟ್ಟಿ ಚಾಕರಿ ಮಾಡಿಸ್ಯಾರ. ಮತ್ತ ನೀವು ಇಷ್ಟ ಇದ್ರ ಕೊಡ್ರಿ ಅಂತ ಬರದೀರಿ."

"ತಪ್ಪಾಗೇತ್ರಿ," ಎಂದೆ.

"ಆಗೇತಿ, ಹೌದು," ಎಂದರು ಅವರು. ಸಮಾಧಾನದ ಮಾತೇನೂ ಆಡಲಿಲ್ಲ. ಆಮೇಲೆ, ತಾವು ಬಿಲ್ಲು ಇಟ್ಟು ತಿರುಗಿ ಹೋಗುವುದು ಏಕೆಂದು ನಾನು ಕೇಳಿದ್ದಕ್ಕೆ ಒಂದು ಉತ್ತರ ಕೊಟ್ಟರು. ಆ ದಿನದವರೆಗೆ ಅವರು ಹಾಗೆ ತಿರುಗುವುದನ್ನು ನಾನು ಬರೀ ಸಂಕೋಚ ಎಂದುಕೊಂಡಿದ್ದೆ.

"ನಾ ನೋಡಿದ್ರ ನನ್ನ ಕೈಗೆ ಗೊತ್ತಾಗತೈತಿ. ನಾಳೆ ಆ ಮನಿಷ್ಯಾ ಬಂದಾಗ ಕೈ ತಾನ ಪಲ್ಯಾ ಕಮ್ಮಿ ಹಾಕತೈತಿ, ಇಲ್ಲಾ ಜಾಸ್ತಿ ಹಾಕತೈತಿ. ಅದಕ್ಕ ನೋಡಾಂಗಿಲ್ಲ."

ತಟ್ಟೆಗಳನ್ನು ಎತ್ತುವುದು ಪಾತ್ರೆ ತೊಳೆಯುವ ಗೋದಾಬಾಯಿಯ ಕೆಲಸ. ತಟ್ಟೆಯಲ್ಲಿ ಇದ್ದದ್ದನ್ನು ಆಕೆ ಅಡುಗೆಮನೆ ಬಾಗಿಲ ಪಕ್ಕದ ಹಾಲಿನಪುಡಿ ಡಬ್ಬಿಗೆ ಹಾಕುತ್ತಾಳೆ. ಶನಿವಾರ ಡಬ್ಬಿ ತೆರೆದು ಬಡಿಸುವವರು, ಅಡುಗೆಯವರು, ತೊಳೆಯುವವರು ಎಲ್ಲರೂ ಸಮವಾಗಿ ಹಂಚಿಕೊಳ್ಳುತ್ತಾರೆ. ಮೂವತ್ತೊಂದು ವರ್ಷದಲ್ಲಿ ಮೌನಪ್ಪನವರು ಗಿರಾಕಿಯ ತಟ್ಟೆಯಲ್ಲಿನ ಹಣವನ್ನು ಮುಟ್ಟಿದ್ದೇ ಇಲ್ಲ. ಇದನ್ನೆಲ್ಲ ಅವರು ಹೆಮ್ಮೆಯಿಂದ ಹೇಳಲಿಲ್ಲ, ನಲ್ಲಿಯ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎನ್ನುವ ಧಾಟಿಯಲ್ಲಿ ಹೇಳಿದರು. ಕೊನೆಗೆ, ಕಾಗದದಲ್ಲಿ ಬರೆದರೆ ಹುಡುಗರಿಗೆ ತಿಳಿಯುವುದಿಲ್ಲ, ಅವರನ್ನು ಬುಧವಾರ ಮೂರು ಗಂಟೆಯ ಮೇಲೆ ಹೋಟೆಲಿಗೆ ಕರೆದುಕೊಂಡು ಬನ್ನಿ, ಊಟದ ಗದ್ದಲ ಇಳಿದಿರುತ್ತದೆ, ಅಭ್ಯಾಸ ಮಾಡಿಸುತ್ತೇನೆ ಎಂದರು.

ರಾಮಕೃಷ್ಣ ಅವರು ಒಪ್ಪಿದರು. ಊಟದ ಬಿಲ್ಲಿಗೆ ಕಂಪನಿಯೇ ಹಣ ಕೊಡುವುದೆಂದಾಯಿತು. ತೊಡಕು ಬಂದದ್ದು ಅಕೌಂಟ್ಸಿನಲ್ಲಿ. ಊಟಕ್ಕೆ ರಸೀದಿ ಉಂಟು, ಟಿಪ್ಸಿಗೆ ಎಲ್ಲಿಯ ರಸೀದಿ? ಮೇಜಿಗೆ ಮೂವತ್ತರಂತೆ ನಾಲ್ಕು ಮೇಜಿಗೆ ನೂರಿಪ್ಪತ್ತು ರೂಪಾಯಿಯನ್ನು ಅಭ್ಯಾಸಕ್ಕೆಂದು ಕೊಡುತ್ತೇವೆ, ಮುಗಿದ ಮೇಲೆ ವಾಪಸ್ ತಂದು ಕಟ್ಟಿ ಎಂದರು. ನಾನು ಸಹಿ ಹಾಕಿ ತಂದೆ. ಅದರಲ್ಲಿ ಏನಾದರೂ ಕೊಂಕು ಇದೆ ಎಂದು ನನಗೆ ಆಗ ಹೊಳೆಯಲೇ ಇಲ್ಲ. ಕಂಪನಿಯ ಹಣ ಕಂಪನಿಗೆ ಹೋಗಬೇಕು ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಬುಧವಾರ ಎಂಟು ಜನರೂ ಬಂದರು. ಹೆಚ್ಚಿನವರು ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರು. ತಂಡದ ಮುಖ್ಯಸ್ಥೆ ತಾರಾ ಮೈಸೂರಿನವಳು, ಕಡಿಮೆ ಮಾತಿನವಳು. ಋಷಭ್ ಎಂಬ ಬೆಂಗಳೂರಿನ ಉದ್ದ ಹುಡುಗ ಆ ಕೊರತೆಯನ್ನೂ ಸೇರಿಸಿ ಮಾತಾಡುತ್ತಿದ್ದ. ಮೆಟ್ಟಿಲು ಹತ್ತುತ್ತಲೇ, ಊಟ ಮಾಡುವುದಕ್ಕೂ ಟ್ರೈನಿಂಗ್ ಕೊಡುವ ಕಂಪನಿ ಇದೊಂದೇ ಇರಬೇಕು ಎಂದ.

ಮೌನಪ್ಪನವರು ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾದಿದ್ದರು. ನಾಲ್ಕು ಮೇಜಿಗೂ ಒಬ್ಬರೇ ಬಡಿಸಿದರು. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಎಂಟು ತಟ್ಟೆಗೆ ರೊಟ್ಟಿ ಬಂದದ್ದು ಗೊತ್ತಾಗಲಿಲ್ಲ, ಲೋಟದಲ್ಲಿ ನೀರು ಇಳಿದದ್ದೂ ಗೊತ್ತಾಗಲಿಲ್ಲ. ಕೇಳುವ ಮುಂಚೆ ಎಲ್ಲವೂ ಅಲ್ಲಿ ಇರುತ್ತಿತ್ತು, ಬೇಡವೆನ್ನುವ ಮುಂಚೆ ಕೈ ಹಿಂದೆ ಸರಿದಿರುತ್ತಿತ್ತು. ಋಷಭ್ ಚಿಟಿಕೆ ಹಾಕಿ ಕರೆದ. ಅವರು ಬಂದು, ಅವನ ಹೆಸರು ಕೇಳಿ, ತಮ್ಮ ಹೆಸರು ಹೇಳಿದರು.

"ಮೌನಪ್ಪ ಅಂದ್ರ ಸಾಕ್ರಿ, ಬರ್ತೀನಿ. ಚಿಟಿಕಿ ಹೊಡದ್ರ ಕೆಳಗಿನ ಸೀರಿ ಅಂಗಡ್ಯಾಂವನೂ ಎದ್ದು ಬರ್ತಾನ."

ಎಲ್ಲರೂ ನಕ್ಕರು. ಋಷಭ್ ಕೂಡ ಕಿವಿ ಕೆಂಪಾಗಿ ನಕ್ಕ. ಆಮೇಲೆ ಅವನು ಅವರನ್ನು ಹೆಸರು ಹಿಡಿದೇ ಕರೆದ, ಅದೂ ಸುಮ್ಮಸುಮ್ಮನೆ ನಾಲ್ಕಾರು ಸಲ.

ಊಟ ಮುಗಿಯಿತು. ಮೌನಪ್ಪನವರು ನಾಲ್ಕು ತಟ್ಟೆಗಳಲ್ಲಿ ಬಿಲ್ಲು ಇಟ್ಟರು, ಬೆನ್ನು ತಿರುಗಿಸಿ ಕಪಾಟಿನ ಕಡೆ ಹೋದರು. ಊಟದ ಹಣವನ್ನು ನಾನು ಗಲ್ಲಾದಲ್ಲಿ ಆಗಲೇ ಕಟ್ಟಿದ್ದೆ. ಟಿಪ್ಸಿಗೆಂದು ಮೊದಲೇ ಹಂಚಿದ್ದ ನೋಟುಗಳನ್ನು ಹುಡುಗರು ತಟ್ಟೆಗಳಲ್ಲಿ ಇಟ್ಟು, ಒಬ್ಬೊಬ್ಬರಾಗಿ ಎದ್ದು ಕೈ ತೊಳೆಯಲು ಹೋದರು. ಅಭ್ಯಾಸ ಚೆನ್ನಾಗಿ ಆಯಿತೆಂದು ನನಗೆ ಬಹಳ ಸಂತೋಷವಾಯಿತು. ಅದೇ ಸಂತೋಷದಲ್ಲಿ ನಾನು ಕಂಕುಳಲ್ಲಿದ್ದ ಕವರು ತೆಗೆದು, ಮೇಜಿನಿಂದ ಮೇಜಿಗೆ ಹೋಗಿ, ನಾಲ್ಕೂ ತಟ್ಟೆಗಳಿಂದ ಮೂವತ್ತು ಮೂವತ್ತು ರೂಪಾಯಿ ಎತ್ತಿ ಕವರಿಗೆ ಹಾಕಿಕೊಂಡೆ. ಕೈ ಒರೆಸಿಕೊಳ್ಳುತ್ತ ಬಂದ ತಾರಾ ಕಡೆಯ ಮೇಜಿನ ಹತ್ತಿರ ನಿಂತು ನನ್ನ ಕೈಯನ್ನೇ ನೋಡಿದಳು. ನಾನು ಅವಳಿಗೆ ಮುಗುಳ್ನಗೆ ಬೀರಿದ್ದನ್ನು ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

ಮೌನಪ್ಪನವರು ಸೋಂಪು ತಂದರು. ನಾಲ್ಕು ಮೇಜಿಗೂ ಇಟ್ಟರು. ಹೋಗಿ ಬನ್ನಿ, ಅಮೆರಿಕದಿಂದ ಬಂದಮೇಲೆ ಮತ್ತೆ ಬನ್ನಿ ಎಂದು ಪ್ರತಿಯೊಬ್ಬರಿಗೂ ಹೇಳಿದರು.

ನಾವೆಲ್ಲ ಬೀದಿಗೆ ಇಳಿದ ಮೇಲೆ ನನ್ನ ಫೈಲು ಮೇಲೆಯೇ ಉಳಿದಿದೆ ಎಂದು ನೆನಪಾಯಿತು. ಓಡಿ ಹತ್ತಿದೆ. ಮೆಟ್ಟಿಲ ತಿರುವಿಗೆ ಬರುವಷ್ಟರಲ್ಲಿ ಗೋದಾಬಾಯಿಯ ದನಿ ಕೇಳಿ ಅಲ್ಲೇ ನಿಂತೆ.

"ಎಂಟು ಮಂದಿ ಸಾಹೇಬ್ರು, ನಾಲ್ಕೂ ತಟ್ಟಿ ಬೋಳು. ಇವರು ಅಮೆರಿಕಾ ಹೋಗಾವ್ರಂತ."

"ಬೋಳಿಲ್ಲ. ನಾ ತಗದಿಟ್ಟೀನಿ," ಎಂದರು ಮೌನಪ್ಪನವರು.

"ನೀವು? ನೀವು ಯಾವಾಗಿಂದ ತಟ್ಟಿ ಮುಟ್ಟಾಕ ಹತ್ತಿದ್ರಿ?"

"ಇವತ್ತಿಂದ. ಯಾಕ, ಮುಟ್ಟಬಾರದೇನು?"

ತಿರುವಿನಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಅಂಗಿಯ ಒಳಜೇಬಿಗೆ ಕೈ ಹಾಕಿ, ಮಡಚಿದ ನೋಟುಗಳನ್ನು ತೆಗೆದು ಡಬ್ಬಿಗೆ ಹಾಕಿದರು. ಎಷ್ಟೆಂದು ನನಗೆ ಕಾಣಲಿಲ್ಲ. ಗೋದಾಬಾಯಿ ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸೆರಗಿನಿಂದ ಡಬ್ಬಿ ಒರೆಸಿ ಮುಚ್ಚಳ ಹಾಕಿ, ಹುಡುಗರು ಹಂಗಾದರೆ ಒಳ್ಳೆಯವರೇ ಎಂದಳು. ಭಾಳ ಒಳ್ಳೇವ್ರು ಎಂದರು ಮೌನಪ್ಪನವರು.

ಫೈಲು ತರದೆ ಇಳಿದುಬಿಟ್ಟೆ. ಕವರಿನಲ್ಲಿ ನೂರಿಪ್ಪತ್ತು ರೂಪಾಯಿ ಇತ್ತು. ನಾನು ಮೂರು ವರ್ಷ ಎತ್ತಿಕೊಂಡದ್ದು ನನ್ನದೇ ಚಿಲ್ಲರೆ. ಇದು ಹಾಗಲ್ಲ. ಇದು ಒಮ್ಮೆ ಇಟ್ಟದ್ದು. ಅವರು ನಂಬಿ ತಿರುಗಿಸಿದ ಬೆನ್ನಿನ ಹಿಂದೆಯೇ ನಾನು ಎತ್ತಿದ್ದು. ನಮ್ಮ ಹುಡುಗರ ಮರ್ಯಾದೆ ಹೋಗಬಾರದೆಂದು ಅವರು ಮೂವತ್ತೊಂದು ವರ್ಷದ ತಮ್ಮ ರೀತಿಯನ್ನು ಮುರಿದು ಸುಳ್ಳು ಹೇಳಿದ್ದರು. ಅದು ತಿಳಿದಮೇಲೆ, ಆ ಹಣವನ್ನು ಹೊತ್ತು ಬೇಗಂಪೇಟೆಯ ಬಸ್ಸಿನಲ್ಲಿ ನಿಂತಿರುವುದು ಕಷ್ಟವಾಯಿತು. ಆದರೂ ಅಕೌಂಟ್ಸಿಗೆ ಹೋಗಿ ಕಟ್ಟಿದೆ. ಸಹಿ ಮಾಡಿ ತಂದದ್ದಲ್ಲವೇ.

ಮರುದಿನ ಬೆಳಿಗ್ಗೆ ಮನೆಯ ಹಣದಿಂದ ನೂರಿಪ್ಪತ್ತು ತೆಗೆದುಕೊಂಡೆ. ಹೆಂಡತಿ ಸುವರ್ಣಾಗೆ ನಡೆದದ್ದನ್ನು ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗಿ ನನ್ನನ್ನು ಒಂದು ಗಳಿಗೆ ನೋಡಿದಳು. "ದೇವರ ಮುಂದ ಇಟ್ಟ ಕಾಯಿ ತಿರುಗಿ ತಂದಂಗ ಮಾಡೀರಲ್ಲ," ಎಂದಳು, ಅಷ್ಟೇ.

ಮೌನಪ್ಪನವರು ಕೆಲಸಕ್ಕೆ ಹೊರಟಿದ್ದರು. ವಠಾರದ ಬಾಗಿಲಲ್ಲಿ ನೋಟುಗಳನ್ನು ಮುಂದೆ ಹಿಡಿದು, ನಾನು ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡೆ ಎಂದೂ ಹೇಳಿಬಿಟ್ಟೆ. ಅವರು ಕೈ ಚಾಚಲಿಲ್ಲ. ಸಿಟ್ಟೂ ಮಾಡಲಿಲ್ಲ. ಅಭ್ಯಾಸದ ರೊಕ್ಕ ಎಂದು ಮೊದಲೇ ಹೇಳಿದ್ದರೆ ಅಡುಗೆಮನೆಯವರಿಗೆ ಮುಂಚೆಯೇ ಹೇಳಿ ಇಡುತ್ತಿದ್ದೆ, ಏನೂ ಆಗುತ್ತಿರಲಿಲ್ಲ ಎಂದರು. ನಾನು ಹಣವನ್ನು ಇನ್ನೂ ಮುಂದೆ ಹಿಡಿದೇ ಇದ್ದೆ.

"ಕೈಯಾಗ ಬ್ಯಾಡ್ರಿ," ಎಂದರು. "ಕೈಯಾಗ ಕೊಟ್ರ ನಿಮಗ ಹಗುರಾಗತೈತಿ, ಖರೆ. ತಟ್ಟ್ಯಾಗಿಂದ ಹ್ವಾದದ್ದು ತಟ್ಟ್ಯಾಗ ಬರ್ಲಿ. ಯಾವಾಗಾರ ಊಟಕ್ಕ ಬರ್ರಿ."

ಎರಡು ಹೆಜ್ಜೆ ಹೋದವರು ನಿಂತರು. "ನಮ್ಮದು ಬಿಡ್ರಿ. ಆ ಹುಡುಗೂರು ನಿಮ್ಮ ಕೈ ನೋಡ್ಯಾರೋ ಇಲ್ಲೋ? ನೋಡಿದ್ರ ಅವರು ಕಲಿತಿದ್ದು ನಿಮ್ಮ ಕೈ, ನನ್ನ ಬೆನ್ನಲ್ಲ. ಅದನ್ನ ಸರಿ ಮಾಡಿ ಕಳಸ್ರಿ."

ನನ್ನ ಕೆಲಸ ಇದರ ಮೇಲೆ ನಿಂತಿದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಅವರು ಅದಕ್ಕಾಗಿ ಹೇಳಿದ್ದಲ್ಲ. ಕೊಲಂಬಸ್ಸಿನಲ್ಲಿರುವ, ತಾವು ಕಂಡೇ ಇರದ ಒಬ್ಬ ಹೆಂಗಸಿನ ಪರವಾಗಿ ಹೇಳಿದರು. ಆಕೆಯನ್ನು ಆ ದಿನದವರೆಗೆ ನಾನು ದೂರು ಕೊಟ್ಟವಳು ಎಂದು ಮಾತ್ರ ನೆನೆಯುತ್ತಿದ್ದೆ.

ಆ ದಿನ ಮೂರು ಪುಟದ ಕೋಷ್ಟಕವನ್ನು ಪಕ್ಕಕ್ಕಿಟ್ಟು ಅರ್ಧ ಪುಟ ಬರೆದೆ. ಅಲ್ಲಿ ಬಡಿಸುವವರಿಗೆ ಸಂಬಳದ ದೊಡ್ಡ ಭಾಗ ನಿಮ್ಮಿಂದಲೇ ಹೋಗುತ್ತದೆ, ಆದ್ದರಿಂದ ಇದು ನಿಮ್ಮ ಇಷ್ಟದ ಮಾತಲ್ಲ. ತಿನಿಸಿನ ಬೆಲೆ ನೋಡುವಾಗಲೇ ನೂರಕ್ಕೆ ಹದಿನೈದು ಸೇರಿಸಿ ನೋಡಿ, ಅಷ್ಟು ಕೊಡಲಾಗದ ದಿನ ಕೋಣೆಯಲ್ಲೇ ಅಡುಗೆ ಮಾಡಿಕೊಳ್ಳಿ. ರೂಪಾಯಿಗೆ ಗುಣಿಸಬೇಡಿ. ಬಡಿಸಿದವರ ಹೆಸರು ಕೇಳಿ ತಿಳಿದುಕೊಳ್ಳಿ. ಮೇಜಿನ ಮೇಲೆ ಇಟ್ಟಮೇಲೆ ಅವರ ಮುಖ ನೋಡುತ್ತ ನಿಲ್ಲಬೇಡಿ. ಇಷ್ಟೇ. ಐದು ಸಲ ತಿದ್ದಿದೆ. ಇಷ್ಟು ಸಣ್ಣದು ಸಾಕೋ ಎಂಬ ಅನುಮಾನ ಕೊನೆಯವರೆಗೂ ಹೋಗಲಿಲ್ಲ.

ಶುಕ್ರವಾರದ ಸಭೆಯಲ್ಲಿ ಎಂಟು ಜನ ಇದ್ದರು, ಹಿಂದಿನ ಕುರ್ಚಿಯಲ್ಲಿ ರಾಮಕೃಷ್ಣ ಅವರೂ ಇದ್ದರು. ಪತ್ರ ಹಂಚಿ ಓದಿದೆ. ಓದಿ ಕೂತುಬಿಡಬಹುದಿತ್ತು. ಬುಧವಾರ ಆದದ್ದನ್ನು ರಾಮಕೃಷ್ಣ ಅವರ ಎದುರಿಗೆ ಹೇಳಿದರೆ, ಇವನಿಗೆ ಒಂದು ಸಣ್ಣ ಅಭ್ಯಾಸ ನಡೆಸಲೂ ಬರಲಿಲ್ಲ ಎಂದಾಗುತ್ತದೆ ಎಂದು ಗೊತ್ತಿತ್ತು. ಆದರೂ ಹೇಳಿದೆ. ನೀವು ಇಟ್ಟ ಹಣವನ್ನು ನಾನು ಎತ್ತಿಕೊಂಡೆ, ಆ ತಟ್ಟೆಗಳು ಖಾಲಿ ಎನ್ನಿಸಬಾರದೆಂದು ಮೌನಪ್ಪನವರು ತಮ್ಮ ಜೇಬಿನಿಂದ ತುಂಬಿದರು, ನಿಮ್ಮನ್ನು ಒಳ್ಳೆಯವರು ಎಂದರು. ಅಲ್ಲಿ ಕಲಿತದ್ದರಲ್ಲಿ ನಾನು ಮಾಡಿದ್ದನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಂಡು ಹೋಗಿ ಎಂದೆ.



"ನಾನು ನೋಡಿದೆ ಸಾಯಿಕುಮಾರ್," ಎಂದಳು ತಾರಾ. "ಆಫೀಸ್ ದುಡ್ಡು ತಾನೇ ಅಂದ್ಕೊಂಡು ಸುಮ್ನಾದೆ. ಮೆಟ್ಟಿಲು ಇಳಿಯೋವಾಗ ಏನೋ ಸರಿ ಇಲ್ಲ ಅನ್ನಿಸ್ತು. ವಾಪಸ್ ಹತ್ತಬೇಕಿತ್ತು, ಹತ್ತಲಿಲ್ಲ."

"ಅಂದ್ರೆ ಫ್ಲೈಟ್ ಹತ್ತೋಕ್ ಮುಂಚೇನೇ ನಾವೆಲ್ಲ ಫೇಲು," ಎಂದ ಋಷಭ್. ನಗಿಸಲು ಹೇಳಿದನೇನೋ, ಅವನೇ ನಗಲಿಲ್ಲ.

ರಾಮಕೃಷ್ಣ ಅವರು ಎದ್ದು ಬಂದು ಪತ್ರ ತೆಗೆದುಕೊಂಡರು. ಹಣ ವಾಪಸ್ ತರಬೇಕೆಂದು ಅಕೌಂಟ್ಸಿನವರು ಹೇಳಿದ್ದರೇ ಎಂದು ತೆಲುಗಿನಲ್ಲಿ ಕೇಳಿದರು. ಹೌದೆಂದೆ. ಪತ್ರವನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದರು. ಖಾಯಂ ಮಾಡುವ ವಿಷಯವನ್ನು ಮಾರ್ಚಿನಲ್ಲಿ, ಕೊಲಂಬಸ್ಸಿನಿಂದ ಏನು ಬರುತ್ತದೆಂದು ನೋಡಿ ತೀರ್ಮಾನಿಸೋಣ ಎಂದು ಹೇಳಿ ಹೊರಟುಹೋದರು.

ಶನಿವಾರ ನಾನು ಟಿಕೆಟ್ಟುಗಳ ಗಡಿಬಿಡಿಯಲ್ಲಿದ್ದೆ. ಅಂದು ಮಧ್ಯಾಹ್ನ ಎಂಟೂ ಜನ ಆಟೋ ಮಾಡಿಕೊಂಡು ಮೇಲ್ಮಹಡಿ ಹೋಟೆಲಿಗೆ ಹೋಗಿ ಊಟ ಮಾಡಿ ಬಂದಿದ್ದರಂತೆ. ಅದು ನನಗೆ ತಿಳಿದದ್ದು ಗೋದಾಬಾಯಿಯಿಂದ, ವಾರದ ನಂತರ ಫೈಲು ತರಲು ಹೋದಾಗ. ತಟ್ಟೆಗಳಲ್ಲಿ ಎಷ್ಟಿತ್ತೆಂದು ಆಕೆ ಹೇಳಲಿಲ್ಲ. ಆ ಉದ್ದ ಹುಡುಗ ಅಡ್ಡ ನಿಂತು, ಎಲ್ಲರೂ ಇಟ್ಟು ಮುಗಿಸುವವರೆಗೆ ಮೌನಪ್ಪನವರನ್ನು ಕಪಾಟಿನ ಕಡೆಯಿಂದ ಬರಲು ಬಿಡಲಿಲ್ಲ ಎಂದು ಹೇಳಿ ಬಾಯಿಗೆ ಸೆರಗು ಇಟ್ಟು ನಕ್ಕಳು.

ಆಮೇಲಿನ ಎರಡು ತಿಂಗಳು ನಾನು ಮೇಲ್ ಪೆಟ್ಟಿಗೆ ತೆರೆಯುವಾಗಲೆಲ್ಲ ಮೊದಲು ಕೊಲಂಬಸ್ಸಿನ ಹೆಸರನ್ನೇ ಹುಡುಕುತ್ತಿದ್ದೆ. ಜನವರಿಯ ಕೊನೆಗೆ ತಾರಾಳ ಮೇಲ್ ಬಂತು. ಮೊದಲ ವಾರ ಆ ಹೆಂಗಸು ಇವರನ್ನು ನೋಡಿದೊಡನೆ ಮುಖ ಬಿಗಿದುಕೊಂಡು, ಬಿಲ್ಲನ್ನು ಮೇಜಿನ ಮೇಲೆ ಒಗೆದ ಹಾಗೆ ಇಡುತ್ತಿದ್ದಳಂತೆ. ಇವರು ತಟ್ಟೆಯ ಕೆಳಗೆ ಹಣ ಇಟ್ಟು, ಮೇಜಿಗೆ ಬೆನ್ನು ಹಾಕಿ, ಕಿಟಕಿಯ ಹತ್ತಿರ ನಿಂತು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಿದ್ದರು. ಹೊರಗೆ ಹಿಮ, ಆದ್ದರಿಂದ ಗುಂಡಿಗಳಿಗೆ ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದಿತ್ತು. ಎರಡನೆಯ ವಾರ ಆಕೆ ಇವರ ಹೆಸರುಗಳನ್ನು ಕೇಳಿದಳು. ಮೂರನೆಯ ವಾರ ಕೇಳದೆ ಎರಡನೇ ಸಲ ಕಾಫಿ ಸುರಿದು, ಹಿಂದಿನ ಆರು ಜನರ ಬಗ್ಗೆ ಮಾತು ತೆಗೆದಳು. ಅವರು ಕೆಟ್ಟ ಹುಡುಗರಲ್ಲ, ದಿನಾ ಧನ್ಯವಾದ ಹೇಳುತ್ತಿದ್ದರು, ಪಾಪ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅನಿಸುತ್ತದೆ ಎಂದಳಂತೆ.

ಹೇಳಿಕೊಡಬೇಕಾಗಿದ್ದವನು ನಾನೇ. ತಾರಾ ಅದನ್ನು ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಮೇಲ್ ಅನ್ನು ಅಚ್ಚು ಮಾಡಿ ರಾಮಕೃಷ್ಣ ಅವರ ಮೇಜಿಗೆ ಇಟ್ಟೆ. ಸಂಜೆ ವಠಾರದಲ್ಲಿ ಮೌನಪ್ಪನವರಿಗೆ ಕನ್ನಡದಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ: "ಆಕಿ ಹೆಸರೇನಂತ?" ತಾರಾ ಬರೆದಿರಲಿಲ್ಲ. ಕೇಳಿ ಬರೆಸಿಕೊಳ್ಳುತ್ತೇನೆ ಎಂದೆ.

ಮಾರ್ಚಿನ ಎರಡನೆಯ ವಾರ ಖಾಯಂ ಪತ್ರ ಕೈಗೆ ಬಂತು. ಹೆಸರು ಸರಿಯಾಗಿದೆಯೇ ಎಂದು ಮೂರು ಸಲ ಓದಿದೆ. ಆ ಭಾನುವಾರ ಸುವರ್ಣಾಳನ್ನು ಕರೆದುಕೊಂಡು ಮೇಲ್ಮಹಡಿ ಹೋಟೆಲಿಗೆ ಹೋದೆ. ಮೌನಪ್ಪನವರು ನನ್ನನ್ನು ವಠಾರದವನಂತೆ ಮಾತನಾಡಿಸಲಿಲ್ಲ. ಗಿರಾಕಿಯಂತೆ ಕುರ್ಚಿ ಎಳೆದು ಕೊಟ್ಟು, ಇವತ್ತು ಎಣ್ಣೆಗಾಯಿ ಚಲೋ ಆಗೇತಿ ಎಂದರು. ಬಡಿಸಿದರು. ಅವರ ಕೈ ಹೆಚ್ಚು ಹಾಕಲಿಲ್ಲ, ಕಡಿಮೆಯೂ ಹಾಕಲಿಲ್ಲ. ಪಕ್ಕದ ಮೇಜಿನಲ್ಲಿ ಪುಸ್ತಕದ ಚೀಲ ಇಟ್ಟುಕೊಂಡು ಬರೀ ಒಂದು ಪ್ಲೇಟು ಪೂರಿ ತಿನ್ನುತ್ತಿದ್ದವನ ಲೋಟಕ್ಕೂ ಅದೇ ಕೈಯಿಂದ, ಅದೇ ಎತ್ತರಕ್ಕೆ ನೀರು ತುಂಬಿದರು.

ಬಿಲ್ಲಿನ ತಟ್ಟೆ ಬಂತು. ನಾನು ಕೊಟ್ಟ ನೋಟು ಗಲ್ಲಾಪೆಟ್ಟಿಗೆಗೆ ಹೋಗಿ, ಚಿಲ್ಲರೆ ಅದೇ ತಟ್ಟೆಯಲ್ಲಿ ತಿರುಗಿ ಬಂತು. ಮೌನಪ್ಪನವರು ಬೆನ್ನು ತಿರುಗಿಸಿ ಕಪಾಟಿನ ಕಡೆ ಹೋದರು.

ನಾಲ್ಕು ಹೆಜ್ಜೆ ದೂರದಲ್ಲಿ ಆ ಬಿಳಿ ಅಂಗಿ, ಅದರ ಭುಜದ ಹತ್ತಿರ ನೀಟಾಗಿ ಹಾಕಿದ ಹೊಲಿಗೆ. ಡಬ್ಬಿ ತೆಗೆದರು. ಮುಚ್ಚಳ ಒರೆಸಿದರು. ಈ ಬೆನ್ನಿನ ಮರೆಯಲ್ಲಿ ನಾನು ಎಷ್ಟು ಸಂಜೆ ಏನೂ ಇಡದೆ, ತಲೆ ಎತ್ತಿಕೊಂಡೇ ಎದ್ದು ಹೋಗಿದ್ದೇನೆ. ಅಂಗಿಯ ಜೇಬಿನಲ್ಲಿ ಆ ನೂರಿಪ್ಪತ್ತು ಬೇರೆಯಾಗಿ ಮಡಚಿ ಇಟ್ಟಿತ್ತು. ಅದನ್ನು ತಟ್ಟೆಯಲ್ಲಿ ಇಟ್ಟೆ. ಆದರೆ ಅದು ಅಭ್ಯಾಸದ ಆ ಬುಧವಾರದ್ದು. ಇವತ್ತಿನದು ಬೇರೆ, ಪೂರಿಯ ಮೂರು ವರ್ಷಗಳದ್ದು ಬೇರೆ. ಕೈ ಮತ್ತೆ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಎಂಟು ಜನರಿಗೆ ಪತ್ರ ಬರೆದು ಕಳಿಸಿದವನಿಗೆ ಎಷ್ಟು ಇಡಬೇಕೆಂದು ತಿಳಿಯದಾಯಿತು.

"ಇಷ್ಟೊತ್ತು ಏನು ಹುಡುಕಾಕತ್ಯಾರ ಅವರು?" ಸುವರ್ಣಾ ಪಿಸುಗುಟ್ಟಿದಳು.

"ಏನೂ ಇಲ್ಲ," ಎಂದೆ. "ನಾವು ಮುಗಿಸಲಿ ಅಂತ ನಿಂತಾರ."

ಕಪಾಟಿನ ಹತ್ತಿರ ಮೌನಪ್ಪನವರು ಮುಚ್ಚಳವನ್ನು ಇನ್ನೊಮ್ಮೆ ಒರೆಸಿದರು.